ಹಲ್ಲಿನ ಡಾಕ್ಟರ ಮುಂದೆ ಸಂಕೋಚ ಬೇಡ

ಹಲ್ಲುನೋವು ಬಂದರೆ ಲವಂಗ ಇಟ್ಟುಕೊಂಡು, ಮಾತ್ರೆ ನುಂಗಿ ದಿನ ದೂಡುವವರೇ ಹೆಚ್ಚು. ತಡೆಯಲಾಗದೆ ದೇವಾಪುರದಿಂದ ಸುರಪುರಕ್ಕೆ ಬಸ್ ಹತ್ತುವವರಿರಲಿ, ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗುವವರಿರಲಿ, ಕುರ್ಚಿಯಲ್ಲಿ ಒರಗಿದ ಮೇಲೆ ಎಲ್ಲರದೂ ಒಂದೇ ಅಳುಕು: 'ಕೇಳಿದ್ರ ಡಾಕ್ಟರು ಏನ್ ತಿಳ್ಕೋತಾರೋ!' ಈ ಅಳುಕು ಬಿಡಿ.

2023ರಲ್ಲಿ ತಮಿಳುನಾಡಿನ ವಾಣಿಯಂಬಾಡಿಯಲ್ಲಿ ಒಂದೇ ದಂತ ಚಿಕಿತ್ಸಾಲಯಕ್ಕೆ ಹೋಗಿಬಂದವರ ಪೈಕಿ 8 ಮಂದಿ ಮೆದುಳಿನ ಸೋಂಕಿನಿಂದ ತೀರಿಕೊಂಡರು. ಶುದ್ಧಗೊಳಿಸದ ಸಲಕರಣೆಯಿಂದ ಸಲೈನ್ ಬಾಟಲಿ ತೆರೆದು, ಉಳಿದದ್ದನ್ನು ಮತ್ತೆ ಬಳಸಿದ್ದೇ ಸೋಂಕು ಹರಡಿದ ದಾರಿ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಶುದ್ಧ ಸಲಕರಣೆಯಿಂದ ಹೊಸ ಬಾಟಲಿ ತೆರೆದಿದ್ದರೆ ತಪ್ಪಿಸಬಹುದಿತ್ತು!

ಹಾಗಾದರೆ ನೀವೇನು ಮಾಡಬೇಕು?

* ಮೊದಲೇ ಹೇಳಿ: ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ, ಔಷಧಿಯ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ ಮುಚ್ಚಿಡಬೇಡಿ. ನುಂಗುವ ಮಾತ್ರೆಗಳ ಪಟ್ಟಿ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

* ಯಾವ ಹಲ್ಲು?: ಎದುರಿಗೆ ನಿಂತವರಿಗೆ ನಿಮ್ಮ ಬಲ ಎಡವಾಗಿ ಕಾಣುತ್ತದೆ. ಕೀಳುವ ಮುನ್ನ ಕನ್ನಡಿ ಕೇಳಿ, ಬೆರಳಿಟ್ಟು ತೋರಿಸಿ. ಎಕ್ಸ್‌ರೇ ತೆಗೆದಿದ್ದರೆ ಅದರಲ್ಲೂ ತೋರಿಸಲು ಹೇಳಿ.

* ಮಕ್ಕಳ ವಿಷಯದಲ್ಲಿ ಎಚ್ಚರ: ಸುಮಾರು 6ನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಬರುವ ದವಡೆ ಹಲ್ಲು ಶಾಶ್ವತವಾದದ್ದು. ಯಾವ ಹಲ್ಲೂ ಬೀಳದೆ ಬರುವುದರಿಂದ ತಾಯಂದಿರು ಅದನ್ನೂ ಹಾಲುಹಲ್ಲೆಂದು ಭಾವಿಸುತ್ತಾರೆ. 'ಹುಳುಕಾದ್ರೆ ಆಗ್ಲಿ, ಹೇಗೂ ಬಿದ್ದೋಗುತ್ತೆ' ಅನ್ನಬೇಡಿ.

* ಕಣ್ಣಿಟ್ಟು ನೋಡಿ: ಸಲಕರಣೆಗಳನ್ನು ಆಟೋಕ್ಲೇವ್ ಮಾಡಿದ, ಅಂಟಿಸಿದ ಕವರಿನಿಂದ ನಿಮ್ಮೆದುರೇ ತೆಗೆಯಬೇಕು. ಸೂಜಿ, ಗ್ಲೌಸ್ ಹೊಸದಿರಬೇಕು. ಬರೀ ಬಿಸಿನೀರಲ್ಲಿ ಕುದಿಸಿದರೆ ಸಾಲದು. ಕೆಲವು ರೋಗಾಣುಗಳು ಅದಕ್ಕೆ ಜಗ್ಗುವುದಿಲ್ಲ.

* ಬೋರ್ಡು ಓದಿ: ಬಿ.ಡಿ.ಎಸ್. ಓದಿ ನೋಂದಣಿ ಮಾಡಿಸಿಕೊಂಡವರೇ ದಂತವೈದ್ಯರು. ಅಗ್ಗವೆಂದು ಸಂತೆಯಲ್ಲಿ, ಫುಟ್‌ಪಾತ್‌ನಲ್ಲಿ ಹಲ್ಲು ಕಟ್ಟಿಸಿಕೊಳ್ಳಬೇಡಿ.

ಹಲ್ಲು ಕೀಳಿಸಿದ ಮೇಲೆ ಹತ್ತಿಯನ್ನು ಅರ್ಧ ಗಂಟೆ ಕಚ್ಚಿಹಿಡಿಯಿರಿ. ಆ ದಿನ ಜೋರಾಗಿ ಬಾಯಿ ಮುಕ್ಕಳಿಸಬೇಡಿ. ಮರಗಟ್ಟಿದ ತುಟಿಯನ್ನು ಮಗು ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ. ರಕ್ತ ನಿಲ್ಲದಿದ್ದರೆ, ಬಾವು ಏರುತ್ತಿದ್ದರೆ, ಜ್ವರ, ತಲೆನೋವು, ಮಾತು ತೊದಲುವುದು ಕಂಡರೆ 'ನಾಳೆ ನೋಡೋಣ' ಅನ್ನದೆ ಆಸ್ಪತ್ರೆಗೆ ಹೋಗಿ. ಹಲ್ಲಿನ ಚಿಕಿತ್ಸೆ ಆಗಿದೆ ಎಂಬುದನ್ನು ಅಲ್ಲಿ ಮರೆಯದೆ ತಿಳಿಸಿ.