ಮುಳ್ಳುಸೌತೆ ವಿಂಗಡಿಸಲು ಕಲಿತ ಯಂತ್ರ

ಜಪಾನಿನ ಒಬ್ಬ ಇಂಜಿನಿಯರನ ಅನುಭವ

ಸುಲಿದ ಅಡಿಕೆಯನ್ನು ಜಗಲಿಯಲ್ಲಿ ರಾಶಿ ಹಾಕಿಕೊಂಡು ಹೆಕ್ಕುವ ಕೆಲಸವು ಎಷ್ಟು ಬೇಸರದ್ದೆಂಬುದನ್ನು ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಳ್ಳೆಯದು ಒಂದು ಕಡೆಗೆ, ಪಟೋರ ಒಂದು ಕಡೆಗೆ, ಉಳ್ಳಿಗಡ್ಡೆ ಮತ್ತೊಂದು ಕಡೆಗೆ, ಕೋಕ ಇನ್ನೊಂದು ಕಡೆಗೆ. ಅಜ್ಜಿಯ ಕೈಗೆ ಅಡಿಕೆ ಬಂದೊಡನೆ ಅದು ಯಾವ ರಾಶಿಗೆ ಸೇರತಕ್ಕುದೆಂದು ಆ ಕೈಗೇ ಗೊತ್ತು. "ಹೇಗೆ ತಿಳಿಯಿತು ಅಜ್ಜೀ?" ಎಂದು ಮೊಮ್ಮಗನು ಕೇಳಿದರೆ "ನೋಡಿದರೆ ಗೊತ್ತಾಗುವುದಿಲ್ಲವೋ?" ಎಂಬುದೇ ಉತ್ತರ. ಇದಕ್ಕಿಂತ ಹೆಚ್ಚಿನ ವಿವರಣೆಯನ್ನು ಆಕೆ ಕೊಡಲಾರಳು. ಕೊಡಬೇಕಾದ ಪ್ರಸಂಗವೂ ಈವರೆಗೆ ಬಂದಿರಲಿಲ್ಲ.

ನೋಡಿದರೆ ಗೊತ್ತಾಗುವ ಈ ವಿದ್ಯೆಯನ್ನು ಯಂತ್ರಕ್ಕೆ ಕಲಿಸಲು ಹೊರಟ ಒಬ್ಬ ಒಕ್ಕಲುಮಗನ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಆತನ ಹೆಸರು ಮಕೋಟೊ ಕೊಯಿಕೆ. ಊರು ಜಪಾನಿನ ಶಿಜುವೊಕ ಪ್ರಾಂತದಲ್ಲಿ, ಹಮಾನ ಸರೋವರದ ಪಡುಭಾಗದಲ್ಲಿರುವ ಕೊಸಾಯಿ. ಮನೆತನದ ಬೆಳೆ ಮುಳ್ಳುಸೌತೆ. ನಮ್ಮ ಸಾಂಬಾರಿನ ಸೌತೆಯಲ್ಲ. ಎಳೆಯದಾಗಿ ಹಸಿಯಾಗಿಯೇ ತಿನ್ನುವ, ಮೈಮೇಲೆ ಸಣ್ಣ ಮುಳ್ಳುಗಳಿರುವ ಜಾತಿ. ಆ ಮುಳ್ಳು ಚುರುಕಾಗಿ ನಿಂತಿರುವಂತೆ ಬೆಳೆಸುವುದೇ ಆತನ ತಂದೆಗೆ ಅಭಿಮಾನದ ಸಂಗತಿ. ಮುಳ್ಳಿದ್ದರೆ ಕಾಯಿ ತಾಜಾ ಎಂದು ಕೊಳ್ಳುವವನಿಗೆ ಭರವಸೆ.

ಕೊಯಿಕೆ ಮೊದಲು ಕಾರಿನ ಉದ್ಯಮದಲ್ಲಿ ಇಂಜಿನಿಯರನಾಗಿದ್ದನು. ಯಂತ್ರದ ಒಳಗೇ ಅಡಗಿದ್ದು ಕೆಲಸ ನಡೆಸುವ ಚಿಕ್ಕ ಕಂಪ್ಯೂಟರುಗಳನ್ನು ರೂಪಿಸುವುದು ಆತನ ಕಸುಬು. 2015ರ ಸುಮಾರಿಗೆ ಮನೆಗೆ ಬಂದು ಹೊಲದ ಕೆಲಸಕ್ಕೆ ಕೈಹಚ್ಚಿದಾಗ ಆತನಿಗೊಂದು ವಿಷಯ ಕಣ್ಣಿಗೆ ಬಿತ್ತು. ಬೆಳೆಸುವುದರಷ್ಟೇ ಕಷ್ಟ, ಕೊಯ್ದ ಕಾಯನ್ನು ವಿಂಗಡಿಸುವುದರಲ್ಲಿಯೂ ಇದೆ. ಆ ಮನೆಯಲ್ಲಿ ಮುಳ್ಳುಸೌತೆಗೆ ಒಂಬತ್ತು ದರ್ಜೆಗಳು. ಉದ್ದ, ದಪ್ಪಗಳನ್ನು ನೋಡಿದರೆ ಸಾಲದು. ಬಣ್ಣ ಹೇಗಿದೆ, ಮೈ ನುಣುಪೋ ಒರಟೋ, ಎಲ್ಲಾದರೂ ಗೀರು ಬಿದ್ದಿದೆಯೋ, ಡೊಂಕಾಗಿದೆಯೋ, ಮುಳ್ಳು ಉಳಿದಿದೆಯೋ, ಇಷ್ಟನ್ನೂ ಒಂದೇ ನೋಟದಲ್ಲಿ ಕಾಣಬೇಕು. ಈ ಕೆಲಸ ತಾಯಿ ಮಸಾಕೊ ಅವರದು. ಕೊಯ್ಲಿನ ಭರಾಟೆಯಲ್ಲಿ ದಿನಕ್ಕೆ ಎಂಟು ಗಂಟೆಗಳ ತನಕವೂ ಅವರು ಇದರ ಮುಂದೆಯೇ ಇರಬೇಕಾಗುತ್ತಿತ್ತು.

ಕೂಲಿಗೆ ಜನ ಹಿಡಿದರಾಗದೋ ಎನ್ನಬಹುದು. ಆಗದು. ಕಲಿಯುವುದಕ್ಕೇ ತಿಂಗಳುಗಟ್ಟಲೆ ಬೇಕು; ಕಲಿಯುವಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ. ಮಗನಾದ ತನಗೇ ಈ ವಿದ್ಯೆ ಸರಿಯಾಗಿ ಹತ್ತಿದ್ದು ಇತ್ತೀಚೆಗಷ್ಟೇ ಎಂದು ಕೊಯಿಕೆಯೇ ಹೇಳಿಕೊಂಡಿದ್ದಾನೆ. ಪೇಟೆಯಲ್ಲಿ ವಿಂಗಡಿಸುವ ಯಂತ್ರಗಳು ಇಲ್ಲದಿಲ್ಲ. ಆದರೆ ಅವುಗಳ ಬೆಲೆ ಸಣ್ಣ ಹಿಡುವಳಿಗೆ ಎಟುಕುವಂತಹುದಲ್ಲ, ಕೆಲಸವೂ ಅಷ್ಟಕ್ಕಷ್ಟೆ. ಮೇಲಾಗಿ ಜಪಾನಿನಲ್ಲಿ ಮುಳ್ಳುಸೌತೆಯ ದರ್ಜೆಗೆ ದೇಶಕ್ಕೆಲ್ಲ ಒಂದೇ ಕಟ್ಟಳೆಯಿಲ್ಲ. ಒಂದೊಂದು ತೋಟದವರದು ಒಂದೊಂದು ಲೆಕ್ಕ. ಹೀಗಿರುವಾಗ ಕೊಯಿಕೆಯ ಮನೆಗೆ ಬೇಕಾದ ಯಂತ್ರವು ಅವನ ತಾಯಿಯ ಲೆಕ್ಕವನ್ನೇ ಕಲಿಯಬೇಕಾಗಿತ್ತು, ಬೇರೆಯವರದನ್ನಲ್ಲ.

2016ನೆಯ ಇಸವಿಯ ಮಾರ್ಚಿಯಲ್ಲಿ ಕೊರಿಯಾದ ಸಿಯೋಲ್ ನಗರದಲ್ಲಿ ಒಂದು ಪಂದ್ಯ ನಡೆಯಿತು. ಕಪ್ಪು ಬಿಳಿ ಕಾಯಿಗಳಿಂದಾಡುವ ಗೋ ಎಂಬ ಹಳೆಯ ಆಟದಲ್ಲಿ ಹೆಸರುವಾಸಿಯಾದ ಲೀ ಸೆಡೊಲ್ ಎಂಬವರನ್ನು ಆಲ್ಫಾಗೋ ಎಂಬ ಕಂಪ್ಯೂಟರ್ ಕಾರ್ಯಕ್ರಮವು ಐದರಲ್ಲಿ ನಾಲ್ಕು ಆಟ ಗೆದ್ದು ಸೋಲಿಸಿತು. ಈ ಸುದ್ದಿಯು ಕೊಯಿಕೆಯ ಹುಮ್ಮಸ್ಸನ್ನು ಹೆಚ್ಚಿಸಿತು. ಆ ಬಗೆಯ ವಿದ್ಯೆಗೆ ಬೇಕಾದ ಸಲಕರಣೆಯನ್ನು, ಟೆನ್ಸರ್‌ಫ್ಲೋ ಎಂಬ ಹೆಸರಿನಿಂದ, ಗೂಗಲ್ ಕಂಪೆನಿಯವರು 2015ರ ನವೆಂಬರದಲ್ಲಿಯೇ ಯಾರು ಬೇಕಾದರೂ ಬಳಸುವಂತೆ ಧರ್ಮಕ್ಕೆ ಬಿಟ್ಟುಕೊಟ್ಟಿದ್ದರು.

ಈ ಕೃತಕ ಬುದ್ಧಿಯ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕ್ರಮದಲ್ಲಿ ಕಂಪ್ಯೂಟರಿಗೆ ನಿಯಮಗಳನ್ನು ಬರೆದುಕೊಡಬೇಕು: ಇಷ್ಟು ಉದ್ದವಿದ್ದರೆ ಮೊದಲನೆಯ ದರ್ಜೆ, ಇಷ್ಟು ಡೊಂಕಿದ್ದರೆ ಎರಡನೆಯದು ಎಂಬುದಾಗಿ. ಅಜ್ಜಿಯನ್ನು ಕೇಳಿದರೆ ನಿಯಮವೇ ಸಿಗುವುದಿಲ್ಲವಲ್ಲ! ಹೊಸ ಕ್ರಮದಲ್ಲಿ ನಿಯಮವನ್ನು ಕೊಡುವುದಿಲ್ಲ. ಕಾಯಿಯ ಚಿತ್ರವನ್ನು ತೋರಿಸಿ ಅದರ ದರ್ಜೆಯನ್ನು ಹೇಳುವುದು, ಇಷ್ಟೆ. ಯಂತ್ರವು ತನ್ನೊಳಗಿನ ಲೆಕ್ಕವಿಲ್ಲದಷ್ಟು ಸಂಖ್ಯೆಗಳನ್ನು ಇಟ್ಟುಕೊಂಡು ಒಂದು ಉತ್ತರವನ್ನು ಊಹಿಸುತ್ತದೆ, ತಪ್ಪಿದರೆ ಆ ಸಂಖ್ಯೆಗಳನ್ನು ಕೂದಲೆಳೆಯಷ್ಟು ತಿದ್ದಿಕೊಳ್ಳುತ್ತದೆ, ಪುನಃ ಊಹಿಸುತ್ತದೆ. ಸಾವಿರ ಸಾವಿರ ಸಲ ಹೀಗಾದ ಮೇಲೆ ಅದರ ಊಹೆಯು ಕಲಿಸಿದವರ ತೀರ್ಪಿಗೆ ಹತ್ತಿರವಾಗುತ್ತದೆ.

ಕಾರ್ಯಕ್ರಮವನ್ನು ಬರೆಯುವುದು ಕೊಯಿಕೆಗೆ ಅಷ್ಟೇನೂ ಭಾರವಾಗಲಿಲ್ಲ. ಕೈಬರಹದ ಅಂಕೆಗಳನ್ನು ಗುರುತಿಸಲು ಕಲಿಸುವ ಒಂದು ಮಾದರಿ ಟೆನ್ಸರ್‌ಫ್ಲೋವಿನ ಜೊತೆಯಲ್ಲೇ ಬರುತ್ತಿತ್ತು. ಅದನ್ನೇ ಅಲ್ಪಸ್ವಲ್ಪ ಬದಲಿಸಿ ಮುಳ್ಳುಸೌತೆಗೆ ಹೊಂದಿಸಿಕೊಂಡನು. ಯಂತ್ರದ ಮೈಯೂ ದುಬಾರಿಯದಲ್ಲ. ರಾಸ್ಪ್‌ಬೆರಿ ಪೈ 3 ಎಂಬ, ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರ್ ಹಲಗೆಯು 2016ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 35 ಡಾಲರು. ಅದಕ್ಕೆ ಜೋಡಿಸಿದ ಕ್ಯಾಮರಾ ಚಿತ್ರ ತೆಗೆಯುತ್ತದೆ. ಕಂಡದ್ದು ಮುಳ್ಳುಸೌತೆಯೋ ಅಲ್ಲವೋ ಎಂಬಷ್ಟನ್ನು ಈ ಪುಟ್ಟ ಹಲಗೆಯೇ ತೀರ್ಮಾನಿಸುತ್ತದೆ. ಹೌದಾದರೆ ಚಿತ್ರವು ದೊಡ್ಡ ಕಂಪ್ಯೂಟರಿಗೆ ಹೋಗಿ ಅಲ್ಲಿ ದರ್ಜೆ ನಿಶ್ಚಯವಾಗುತ್ತದೆ. ಬೆಲ್ಟಿನ ಮೇಲೆ ಸಾಗುವ ಕಾಯಿ ತನ್ನ ಪೆಟ್ಟಿಗೆಯ ಬಳಿ ಬಂದಾಗ ಅದರೊಳಕ್ಕೆ ತಳ್ಳಲ್ಪಡುತ್ತದೆ.

ಬೆವರಿಳಿಸಿದ್ದು ಚಿತ್ರಗಳು. ತಾಯಿಯವರು ವಿಂಗಡಿಸಿಟ್ಟ ಕಾಯಿಗಳನ್ನು ಮಗನು ಸುಮಾರು ಮೂರು ತಿಂಗಳ ಕಾಲ ಒಂದೊಂದಾಗಿ ಚಿತ್ರ ತೆಗೆದು 7,000 ಸೇರಿಸಿದನು. ದಿನಕ್ಕೆ ಎಂಬತ್ತರಷ್ಟಾಯಿತು. ದೊಡ್ಡ ಸಂಖ್ಯೆಯೆಂದು ನಮಗೆ ತೋರಬಹುದು. ಆದರೆ ಮೇಲೆ ಹೇಳಿದ ಅಂಕೆಗಳ ಮಾದರಿಯಲ್ಲಿ, ಹತ್ತೇ ಹತ್ತು ಅಂಕೆಗಳನ್ನು ಕಲಿಸಲು 60,000 ಚಿತ್ರಗಳೂ ಪರೀಕ್ಷಿಸಲು ಬೇರೆ 10,000 ಚಿತ್ರಗಳೂ ಇವೆ. ಒಂಬತ್ತು ದರ್ಜೆಯ ಮುಳ್ಳುಸೌತೆಗೆ 7,000 ಎಂದರೆ ಒಂದೊಂದಕ್ಕೆ ಸರಾಸರಿ ಎಂಟುನೂರೂ ಬಾರದು. ಇಷ್ಟು ಸಾಲದೇನೋ ಎಂದು ಕೊಯಿಕೆಗೂ ಅನಿಸಿತ್ತು.

ಪರೀಕ್ಷೆಯ ಚಿತ್ರಗಳನ್ನು ತೋರಿಸಿದಾಗ ಯಂತ್ರವು ನೂರಕ್ಕೆ 95ಕ್ಕೂ ಮಿಕ್ಕಿ ಸರಿಯಾದ ಉತ್ತರ ಕೊಟ್ಟಿತು. ಇಲ್ಲಿಗೇ ಕಥೆಯನ್ನು ನಿಲ್ಲಿಸಿ ಊರೆಲ್ಲ ಡಂಗುರ ಸಾರುವವರು ಬಹಳ ಮಂದಿ. ಕೊಯಿಕೆ ಹಾಗೆ ಮಾಡಲಿಲ್ಲ. ನಿಜವಾದ ಕೆಲಸಕ್ಕೆ ಹಚ್ಚಿದಾಗ ಅದೇ ಯಂತ್ರದ ಸರಿಯುತ್ತರವು ನೂರಕ್ಕೆ ಸುಮಾರು 70ಕ್ಕೆ ಇಳಿಯಿತೆಂಬುದನ್ನೂ ಆತನು ಮುಚ್ಚುಮರೆಯಿಲ್ಲದೆ ತಿಳಿಸಿದನು. ಹತ್ತರಲ್ಲಿ ಮೂರು ಕಾಯಿ ತಪ್ಪು ಪೆಟ್ಟಿಗೆಗೆ ಬಿದ್ದರೆ ಮಾರುಕಟ್ಟೆಯಲ್ಲಿ ಮಾನ ಉಳಿಯುವುದುಂಟೇ? ಲೆಕ್ಕವನ್ನು ಬಾಯಿಪಾಠ ಮಾಡಿದ ಹುಡುಗನು ಪುಸ್ತಕದಲ್ಲಿದ್ದುದನ್ನು ಕೇಳಿದರೆ ಪಟಪಟನೆ ಹೇಳುತ್ತಾನೆ, ಇನ್‌ಸ್ಪೆಕ್ಟರು ಬಂದು ಅಂಕೆ ಬದಲಿಸಿ ಕೇಳಿದರೆ ತಲೆ ಕೆರೆಯುತ್ತಾನೆ. ಚಿತ್ರಗಳು ಕಡಿಮೆಯಾದಾಗ ಯಂತ್ರಕ್ಕೂ ಇದೇ ಗತಿ. ಅದು ಮುಳ್ಳುಸೌತೆಯನ್ನು ಕಲಿಯುವ ಬದಲು ಆ 7,000 ಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತದೆ.

ಇನ್ನೊಂದು ತೊಡಕೂ ಇತ್ತು. ಚಿತ್ರವನ್ನು ಉದ್ದಕ್ಕೆ 80, ಅಗಲಕ್ಕೆ 80 ಚುಕ್ಕೆಗಳಷ್ಟಕ್ಕೆ ಕಿರಿದು ಮಾಡಿ ಕೊಟ್ಟರೂ ಮನೆಯ ಸಾಧಾರಣ ಕಂಪ್ಯೂಟರಿಗೆ ಕಲಿಕೆ ಮುಗಿಸಲು ಎರಡು ಮೂರು ದಿನ ಹಿಡಿಯುತ್ತಿತ್ತು. ಅಷ್ಟು ಕಿರಿದಾದ ಚಿತ್ರದಲ್ಲಿ ಕಾಯಿಯ ಆಕಾರ, ಉದ್ದ, ಡೊಂಕು ಮಾತ್ರ ತಿಳಿಯುತ್ತವೆ. ಬಣ್ಣ, ಮೈಯ ನಯ, ಗೀರುಗಳು ತಿಳಿಯವು. ಮುಳ್ಳೂ ತಿಳಿಯದು! ತಂದೆಯು ವರ್ಷಗಟ್ಟಲೆ ದುಡಿದು ಬೆಳೆಸಿದ ಮುಳ್ಳು ಮಗನ ಯಂತ್ರದ ಕಣ್ಣಿಗೆ ಕಾಣಿಸಲೇ ಇಲ್ಲ.

ಮುಂದೆ ಆತನು ಬೆಲ್ಟನ್ನು ಬಿಟ್ಟು ಮೇಜಿನಂತಹ ಮತ್ತೊಂದು ಯಂತ್ರವನ್ನು ಮಾಡಿದನು. ಕಾಯಿಗಳನ್ನು ಮೇಜಿನ ಮೇಲಿಟ್ಟರೆ ದರ್ಜೆಯನ್ನು ತೋರಿಸುವುದಷ್ಟೇ ಅದರ ಕೆಲಸ. ಎತ್ತಿ ಪೆಟ್ಟಿಗೆಗೆ ಹಾಕುವುದು ಮನುಷ್ಯರ ಕೈ. ಎಲ್ಲವನ್ನೂ ತಾನೇ ಮಾಡುವ ಮೊದಲಿನ ಯಂತ್ರಕ್ಕಿಂತ ಇದು ಕೆಳಗಿನದೆಂದು ಕೆಲವರಿಗೆ ತೋರೀತು. ನಮಗೆ ಇದೇ ಜಾಣತನವೆನಿಸುತ್ತದೆ. ತಪ್ಪಿದಾಗ ನೋಡುವ ಕಣ್ಣೊಂದು ಪಕ್ಕದಲ್ಲಿದೆ, ಕಾಯಿಯ ಮೈಯೂ ಉಜ್ಜುವುದಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಇದೇ ಕೊಸಾಯಿಗೆ ಸೇರಿದ ಒಂದು ಹಳ್ಳಿಯಲ್ಲಿ 1867ರಲ್ಲಿ ಸಕಿಚಿ ಟೊಯೊಡ ಎಂಬ ಬಡಗಿಯ ಮಗನು ಹುಟ್ಟಿದನು. ತಾಯಿ ಮಗ್ಗದ ಮುಂದೆ ಪಡುತ್ತಿದ್ದ ಶ್ರಮವನ್ನು ಕಂಡು ಸುಧಾರಿಸಿದ ಮರದ ಮಗ್ಗವೊಂದನ್ನು ಮಾಡಿ 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ನೂಲು ಕಡಿದರೆ ತಾನಾಗಿ ನಿಲ್ಲುವ ಮಗ್ಗವನ್ನು ಮಾಡಿದವನೂ ಅವನೇ. ಟೊಯೊಟ ಕಾರುಗಳ ಮೂಲ ಆ ಮನೆತನ. ನೂರಿಪ್ಪತ್ತೈದು ವರ್ಷಗಳ ತರುವಾಯ ಅದೇ ನೆಲದಲ್ಲಿ ಇನ್ನೊಬ್ಬ ಮಗನು ತಾಯಿಯ ಕೆಲಸವನ್ನು ನೋಡುತ್ತ ಯಂತ್ರಕ್ಕೆ ಕೈಹಾಕಿದ್ದು ಬರಿಯ ಕಾಕತಾಳೀಯವಿರಬಹುದು.

ನಮ್ಮಲ್ಲಿಯೂ ಇಂಜಿನಿಯರಿಂಗ್ ಓದಿ ರಜೆಗೆ ಮನೆಗೆ ಬರುವ ಹುಡುಗ ಹುಡುಗಿಯರಿದ್ದಾರೆ. ಅಡಿಕೆಗೆ ಇದನ್ನು ಮಾಡಿನೋಡುವ ಮನಸ್ಸಿದ್ದರೆ ಸಲಕರಣೆ ಕೊಳ್ಳುವ ಮೊದಲು ಚಿತ್ರಗಳಿಂದ ಆರಂಭಿಸುವುದು ಲೇಸು. ಮೊಬೈಲ್ ಕ್ಯಾಮರಾ ಸಾಕು. ಅಜ್ಜಿ ಹೆಕ್ಕಿದ ಒಂದೊಂದು ರಾಶಿಯಿಂದಲೂ ಚಿತ್ರ ತೆಗೆಯಬೇಕು. ಪಟೋರದ ಚಿತ್ರವನ್ನೆಲ್ಲ ಬೆಳಗಿನ ಬಿಸಿಲಿನಲ್ಲಿಯೂ ಕೋಕದ್ದನ್ನು ಸಂಜೆ ದೀಪದಡಿಯಲ್ಲಿಯೂ ತೆಗೆದರೆ ಯಂತ್ರವು ಅಡಿಕೆಯನ್ನು ಬಿಟ್ಟು ಬೆಳಕನ್ನು ಕಲಿತೀತು; ಆದುದರಿಂದ ಎಲ್ಲ ರಾಶಿಗೂ ಒಂದೇ ಬೆಳಕು, ಒಂದೇ ಹಾಸು ಇರತಕ್ಕುದು. ಅಡಿಕೆಯನ್ನು ಮಗುಚಿ ಹಿಂಬದಿಯ ಚಿತ್ರವೂ ಬೇಕು. ಒಳಗಿನ ಬಿಳುಪು ಹೋಳು ಮಾಡದೆ ಕಾಣದಾದುದರಿಂದ ಆ ಪರೀಕ್ಷೆಯನ್ನು ಯಂತ್ರದಿಂದ ನಿರೀಕ್ಷಿಸಬಾರದು. ಒಂದು ದಿನದ ರಾಶಿಯಿಂದ ಕಲಿಸಿ ಬೇರೆ ದಿನ ಸುಲಿದ ರಾಶಿಯಿಂದ ಪರೀಕ್ಷಿಸಬೇಕು. ಯಂತ್ರಕ್ಕೂ ಅಜ್ಜಿಗೂ ಭಿನ್ನಾಭಿಪ್ರಾಯ ಬಂದ ಅಡಿಕೆಗಳನ್ನು ಬೇರೆ ತಟ್ಟೆಯಲ್ಲಿ ತೆಗೆದಿರಿಸಿ, ರಾತ್ರಿ ಊಟವಾದ ಮೇಲೆ ಆಕೆಯ ಮುಂದಿಟ್ಟು ಒಂದೊಂದನ್ನಾಗಿ ಕೇಳಬೇಕು.