ಷರತ್ತಿಗೆ ಒಳಪಟ್ಟ ತೀರ್ಪು: ಮಹದಾಯಿ ಐತೀರ್ಪನ್ನು ಅರ್ಥೈಸಿಕೊಳ್ಳುವ ಬಗೆ

ತೀರ್ಪುಗಳೆಲ್ಲವೂ ಪ್ರಕಟವಾದ ದಿನವೇ ಫಲ ನೀಡುವುದಿಲ್ಲ. ಕೆಲವು ತೀರ್ಪುಗಳು ಹಕ್ಕನ್ನು ಮಾನ್ಯ ಮಾಡಿ, ಅದರ ಅನುಭೋಗವನ್ನು ಮುಂದೆ ಈಡೇರಬೇಕಾದ ಷರತ್ತುಗಳಿಗೆ ಒಳಪಡಿಸುತ್ತವೆ. ಜಮೀನು ಖರೀದಿ ಕರಾರಿನ ದಾವೆಯಲ್ಲಿ, ಬಾಕಿ ಹಣವನ್ನು ನಿಗದಿತ ಅವಧಿಯೊಳಗೆ ಪಾವತಿಸಿದಲ್ಲಿ ಖರೀದಿ ಪತ್ರ ಮಾಡಿಕೊಡತಕ್ಕದ್ದೆಂಬ ಡಿಕ್ರಿ ಇದಕ್ಕೆ ಪರಿಚಿತ ಉದಾಹರಣೆ. ಮಲಪ್ರಭಾ ನದಿಯನ್ನು ಅವಲಂಬಿಸಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಮಟ್ಟಿಗೆ ಇಂತಹ ಪ್ರಮುಖ ನಿದರ್ಶನವೆಂದರೆ ಮಹದಾಯಿ ಐತೀರ್ಪು.

ಐತೀರ್ಪಿನ ಸಾರ: ಮಹದಾಯಿ ಜಲವಿವಾದ ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ನೀರನ್ನು ಹಂಚಿಕೆ ಮಾಡಿತು. ಇದರಲ್ಲಿ 8.02 ಟಿಎಂಸಿ ಜಲವಿದ್ಯುತ್ತಿಗೆ, 1.50 ಟಿಎಂಸಿ ಮಹದಾಯಿ ಕಣಿವೆಯೊಳಗಿನ ಬಳಕೆಗೆ ಮೀಸಲು. ಮಲಪ್ರಭಾ ಕಣಿವೆಗೆ ತಿರುಗಿಸಬಹುದಾದದ್ದು ಕಳಸಾದಿಂದ 1.72, ಬಂಡೂರಾದಿಂದ 2.18, ಒಟ್ಟು 3.90 ಟಿಎಂಸಿ ಮಾತ್ರ. ಅದೂ ಕುಡಿಯುವ ನೀರಿನ ಉದ್ದೇಶಕ್ಕೆ, ನೀರಾವರಿಗಲ್ಲ.

ಷರತ್ತುಗಳು: ಐತೀರ್ಪು 2020ರ ಫೆಬ್ರುವರಿ 27ರಂದು ರಾಜಪತ್ರದಲ್ಲಿ ಪ್ರಕಟವಾಯಿತು. ಅಂತರರಾಜ್ಯ ನದಿ ಜಲವಿವಾದ ಕಾಯ್ದೆ, 1956ರ ಅನ್ವಯ ಹೀಗೆ ಪ್ರಕಟವಾದ ಐತೀರ್ಪಿಗೆ ಸರ್ವೋಚ್ಚ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ. ಆದರೆ ಈ ಪ್ರಕಟಣೆಯು ಮೂರೂ ರಾಜ್ಯಗಳ ಮೇಲ್ಮನವಿಗಳ ಅಂತಿಮ ಫಲಿತಾಂಶಕ್ಕೆ ಒಳಪಟ್ಟಿದೆ. ಕೇಂದ್ರ ಜಲ ಆಯೋಗವು 2022ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ನೀಡಿದೆ. ಆದರೂ ಅರಣ್ಯ ಹಾಗೂ ವನ್ಯಜೀವಿ ಕಾನೂನುಗಳಡಿ ಅಗತ್ಯವಾದ ಅನುಮತಿಗಳನ್ನು ಪಡೆಯದೆ ಕಾಮಗಾರಿ ಕೈಗೊಳ್ಳುವಂತಿಲ್ಲ. ಒಂದು ಒಪ್ಪಿಗೆಯು ಇನ್ನೊಂದಕ್ಕೆ ಪರ್ಯಾಯವಾಗದು.

ಸದಸ್ಯರು ಗಮನಿಸಬೇಕಾದುದು: ಯಾವುದೇ ಷರತ್ತುಬದ್ಧ ಆದೇಶವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಸೂಕ್ತ.

1. ಈಡೇರಬೇಕಾದ ಷರತ್ತು ಯಾವುದು?
2. ಅದನ್ನು ಈಡೇರಿಸಬೇಕಾದವರು ಯಾರು?
3. ಕಾಲಮಿತಿ ಇದೆಯೇ, ಮೀರಿದರೆ ಪರಿಣಾಮವೇನು?

ಮಹದಾಯಿ ವಿಷಯದಲ್ಲಿ ಅನುಮತಿ ಕೋರಬೇಕಾದುದು ರಾಜ್ಯ ಸರ್ಕಾರ. ನೀಡಬೇಕಾದವು ಸಕ್ಷಮ ಪ್ರಾಧಿಕಾರಗಳು. ಗ್ರಾಮ ಪಂಚಾಯಿತಿಯ ಠರಾವಿನಿಂದ ಷರತ್ತು ಸಡಿಲವಾಗದು. ಆದ್ದರಿಂದ ಗ್ರಾಮಸಭೆಯಲ್ಲಿ "ನೀರು ಮಂಜೂರಾಗಿದೆ" ಎಂದಷ್ಟೇ ಹೇಳದೆ, "ಹಂಚಿಕೆಯಾಗಿದೆ, ಅನುಮತಿಗಳಿಗೆ ಒಳಪಟ್ಟಿದೆ" ಎಂದು ವಿವರಿಸಿ, ನಡವಳಿಯಲ್ಲಿಯೂ ಹಾಗೆಯೇ ದಾಖಲಿಸುವುದು ಉಚಿತ. ಗ್ರಾಮದ ಕುಡಿಯುವ ನೀರಿನ ಕ್ರಿಯಾ ಯೋಜನೆಯನ್ನು ಇಂದು ಲಭ್ಯವಿರುವ ಜಲಮೂಲಗಳ ಆಧಾರದ ಮೇಲೆಯೇ ಸಿದ್ಧಪಡಿಸಬೇಕು. ಬರಲಿರುವ ನೀರನ್ನು ನೆಚ್ಚಿ ಕೆರೆಯ ಹೂಳೆತ್ತುವಿಕೆ, ಕೊಳವೆಬಾವಿ ಮರುಪೂರಣದಂತಹ ಕೆಲಸಗಳನ್ನು ಮುಂದೂಡಿದಲ್ಲಿ, ಷರತ್ತು ಈಡೇರುವುದು ವಿಳಂಬವಾದ ಪ್ರತಿ ಬೇಸಿಗೆಯಲ್ಲೂ ಅದರ ಹೊರೆ ಗ್ರಾಮಸ್ಥರ ಮೇಲೆಯೇ ಬೀಳುತ್ತದೆ.