ಮಳೆಗಾಲದಲ್ಲಿ ಪಂಪಿನ ಎಂಜಿನ್ನು: ಅದರ ಎಣ್ಣೆಯ ಜೋಪಾನ

ಭೀಮಾ ಮತ್ತು ಅಮರ್ಜಾ ದಂಡೆಗಳಲ್ಲಿ ಹೊಲವುಳ್ಳ ಎಷ್ಟೋ ಮಂದಿ ಇಂದು ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಲ್ಲಿ ಮನೆ ಮಾಡಿಕೊಂಡಿದ್ದಾರೆ. ಹೊಲ ಹಳ್ಳಿಯಲ್ಲಿ, ಸಂಸಾರ ಪಟ್ಟಣದಲ್ಲಿ. ಬೇಸಗೆಯ ಕೊನೆಗೆ ನೀರು ತಗ್ಗಿದಾಗ ಮೂಲೆಗೆ ಸರಿಸಿದ ಡೀಸೆಲ್ ಎಂಜಿನ್ನು ಅವರ ನೆನಪಿಗೆ ಬರುವುದು ತೊಗರಿ ಹೂ ಬಿಟ್ಟು ನೆಲದ ಹಸಿ ಆರತೊಡಗಿದಾಗಲೇ. ಆಗ ಹ್ಯಾಂಡಲ್ ತಿರುಗಿಸಿ ತೋಳು ಸೋಲುತ್ತದೆಯೇ ಹೊರತು ಎಂಜಿನ್ನು ಏಳುವುದಿಲ್ಲ. ಮೆಕ್ಯಾನಿಕ್ ಬಂದು, ಸಾಮಾನು ತರಿಸಿ, ಬಿಚ್ಚಿ ಕೂಡಿಸುವುದರೊಳಗೆ ವಾರ ಕಳೆದುಹೋದರೆ ಹೂವು ಕಾಯುತ್ತ ಕೂಡುವುದಿಲ್ಲ, ಉದುರುತ್ತದೆ. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ನಮ್ಮ ಕಲಬುರಗಿ ತೊಗರಿಯ ಒಂದು ಹೊಲದ ಫಸಲು ಹೀಗೆ ಒಂದು ಚಮಚ ನೀರಿನಿಂದ ಹಾಳಾಗಬಹುದು. ಒಂದು ಚಮಚವೆಂದದ್ದು ಅಲಂಕಾರದ ಮಾತಲ್ಲ. ಅದು ಹೇಗೆಂಬುದನ್ನೇ ಇಲ್ಲಿ ಹೇಳಬೇಕಾಗಿದೆ.

ಯಂತ್ರವನ್ನು ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಅದರ ಎಣ್ಣೆಯ ದಾರಿಯನ್ನು ಸಿದ್ಧಗೊಳಿಸುವ ಪದ್ಧತಿ ದೋಣಿಯವರಲ್ಲಿ ಹಳೆಯದು. ಕೆರೆ ಸರೋವರಗಳು ಹೆಪ್ಪುಗಟ್ಟುವ ಶೀತ ದೇಶಗಳಲ್ಲಿ ಚಳಿಗಾಲ ಬಂತೆಂದರೆ ದೋಣಿಗಳನ್ನು ದಡಕ್ಕೆಳೆದು ಈ ಕೆಲಸ ಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ದೋಣಿಗೆ ವಿಶ್ರಾಂತಿ ಚಳಿಗಾಲದಲ್ಲಲ್ಲ, ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷಿದ್ಧ. ಮಲ್ಪೆ, ಮಂಗಳೂರುಗಳಲ್ಲಿ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಭೀಮೆಯ ದಂಡೆಯ ಎಂಜಿನ್ನಿಗೂ ಅದೇ ಋತು, ಅದೇ ತೇವ, ಅದೇ ರೋಗ. ಆದುದರಿಂದ ಅದೇ ಮದ್ದು.

ಡೀಸೆಲ್ ನೀರಿಗಿಂತ ಹಗುರ. ಲೀಟರೊಂದಕ್ಕೆ ಸುಮಾರು 830 ಗ್ರಾಂ ತೂಗುತ್ತದೆ. ನೀರು ಅದರೊಳಗೆ ಸೇರಿದರೆ ತಳಕ್ಕಿಳಿದು ಕೂಡುತ್ತದೆ. ಮುಚ್ಚಿದ ಟ್ಯಾಂಕಿಗೆ ನೀರು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಟ್ಯಾಂಕು ಉಸಿರಾಡುತ್ತದೆ. ಹಗಲು ಕಾದಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಣ್ಣ ತೂತಿನಿಂದ ಹೊರಬೀಳುತ್ತದೆ. ರಾತ್ರಿ ತಂಪಾದಾಗ ಹೊರಗಿನ ಹಸಿಗಾಳಿ ಒಳಸೇರುತ್ತದೆ. ತಣ್ಣಗಾದ ತಗಡಿನ ಗೋಡೆಗೆ ಆ ತೇವ ಹನಿಗಟ್ಟಿ ಇಳಿಯುತ್ತದೆ. ನಾಲ್ಕು ತಿಂಗಳು ಹೀಗೆ ನಡೆದರೆ ಚಮಚ ತುಂಬುವುದೇನು ಕಷ್ಟ? ಅರ್ಧ ತುಂಬಿದ ಟ್ಯಾಂಕೇ ಎಲ್ಲಕ್ಕಿಂತ ಕೆಟ್ಟದ್ದು ಎನ್ನುವುದು ಇದಕ್ಕಾಗಿ.

ನೀರು ಮತ್ತು ಎಣ್ಣೆ ಕೂಡುವ ಗೆರೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ. ಅವು ನೀರಿನಲ್ಲಿ ಬಾಳಿ ಡೀಸೆಲನ್ನು ತಿನ್ನುತ್ತವೆ. ಟ್ಯಾಂಕಿನ ತಳದಲ್ಲಿ ಕೈಗೆ ಸಿಗುವ ಕಪ್ಪು ಲೋಳೆ ಅದೇ. ಫಿಲ್ಟರ್ ಕಟ್ಟುವುದು ಅದರಿಂದಲೇ. ಇದಕ್ಕೆ ಔಷಧಗಳು ಮಾರಾಟಕ್ಕಿವೆ. ಆದರೆ ನೀರಿಲ್ಲದೆ ಈ ಜೀವಿಗಳು ಬಾಳಲಾರವು. ನೀರು ತೆಗೆದವನಿಗೆ ಔಷಧದ ಖರ್ಚು ಉಳಿಯಿತು.

ಇನ್ನು ನೀರು ಮುಂದೆ ಸಾಗಿ ಇಂಧನ ಪಂಪಿಗೆ ಹೊಕ್ಕರೆ ಕೇಡು ದೊಡ್ಡದು. ಪಂಪಿನೊಳಗಿನ ದಂಡಕ್ಕೂ ಅದರ ಕೊಳವೆಗೂ ನಡುವಣ ಸಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡೋ ಮೂರೋ ಭಾಗದಷ್ಟು. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲೂ ಅಲ್ಲ. ಅಲ್ಲಿ ಜಾರಿಕೆ ಕೊಡುವುದು ಡೀಸೆಲ್ಲೇ, ಬೇರೆ ಎಣ್ಣೆಯಿಲ್ಲ. ತುಕ್ಕಿನ ಒಂದು ಚುಕ್ಕೆ ಬಿದ್ದರೂ ದಂಡ ಹಿಡಿದುಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮಿರಗದ ಮಳೆ ಹೊಡೆಯುವುದಕ್ಕೆ ಮುಂಚೆ, ರೋಹಿಣಿಯಲ್ಲಿಯೇ, ಒಂದು ದಿನವನ್ನು ಇದಕ್ಕೆ ಮೀಸಲಿಡಿ. ಹಿಂದಿನ ರಾತ್ರಿಯೆಲ್ಲ ಎಂಜಿನ್ನು ಅಲುಗದೆ ನಿಂತಿರಲಿ. ಬೆಳಿಗ್ಗೆ ಟ್ಯಾಂಕಿನ ತಳದ ಬಿರಡೆ ಸಡಿಲಿಸಿ ಮೊದಲು ಬರುವ ಎಣ್ಣೆಯನ್ನು ಗಾಜಿನ ಸೀಸೆಯಲ್ಲಿ ಹಿಡಿಯಿರಿ. ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ನೀರಿದ್ದದ್ದು ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಶುದ್ಧ ಎಣ್ಣೆ ಬರುವವರೆಗೆ ಹರಿಬಿಡಿ. ಲೋಳೆ ಕಂಡರೆ ಟ್ಯಾಂಕನ್ನೇ ಇಳಿಸಿ ಡೀಸೆಲ್ಲಿನಿಂದ ತೊಳೆಯಬೇಕು. ನೀರು ಹಾಕಿ ತೊಳೆಯಕೂಡದು. ಒರೆಸಲು ಎಳೆ ಬಿಡದ ಬಟ್ಟೆ ಬೇಕು. ವರ್ಕ್‌ಶಾಪಿನ ನೂಲಿನ ಮುದ್ದೆಯಿಂದ ಒರೆಸಿದರೆ ಅದರ ದಾರವೇ ಮುಂದೆ ಫಿಲ್ಟರಿಗೆ ಕಂಟಕ.

ಬಳಿಕ ಹೊಸ ಫಿಲ್ಟರ್ ಹಾಕಿ, ಸೋಸಿದ ಡೀಸೆಲ್ ತುಂಬಿ, ದಾರಿಯ ಗಾಳಿ ತೆಗೆದು, ಎಂಜಿನ್ನನ್ನು ಕಾಲು ಗಂಟೆ ಓಡಿಸಿ. ಈ ಕಾಲು ಗಂಟೆಯೇ ಮುಖ್ಯ, ಹೆಚ್ಚಿನವರು ಬಿಡುವುದೂ ಇದನ್ನೇ. ಹೊಸ ಎಣ್ಣೆ ಪಂಪು, ನಾಜಲ್‌ಗಳ ತನಕ ತಲಪಿ ಹಳೆಯದನ್ನು ಹೊರಗಟ್ಟಬೇಕು. ಟ್ಯಾಂಕು ಶುದ್ಧವಾಗಿ, ನಾಜಲ್‌ನಲ್ಲಿ ಕಳೆದ ವರ್ಷದ ನೀರು ಉಳಿದರೆ ಏನು ಬಂತು?

ಟ್ಯಾಂಕನ್ನು ತುಂಬಿಡಬೇಕೋ ಬರಿದು ಮಾಡಬೇಕೋ ಎಂಬುದು ಹಳೆಯ ಚರ್ಚೆ. ದೋಣಿಯ ದೊಡ್ಡ ಟ್ಯಾಂಕನ್ನು ಬರಿದು ಮಾಡಿ ಒಣಗಿಸುವುದು ಆಗದ ಮಾತು. ಅಲ್ಲಿ ತುಂಬಿಡುವುದೇ ಸರಿ. ಆದರೆ ಕಂಠಮಟ್ಟ ತುಂಬಬಾರದು. 20 ಲೀಟರ್ ಡೀಸೆಲ್ 25ರಿಂದ 45 ಡಿಗ್ರಿಗೆ ಕಾದರೆ ಲೀಟರಿನ ಮೂರರಲ್ಲೊಂದು ಭಾಗ ಹಿಗ್ಗುತ್ತದೆ. ಅಷ್ಟು ಜಾಗ ಬೇಕು. ನಮ್ಮ ಐದು ಅಶ್ವಶಕ್ತಿಯ ಎಂಜಿನ್ನು ಮನೆಯ ಪಡಸಾಲೆಗೆ ಬರುವುದಾದರೆ ಹಾಗೆಯೇ ತುಂಬಿಡಿ. ಹೊಲದ ಗುಡಿಸಲಲ್ಲೇ ಉಳಿಯುವುದಾದರೆ ತುಂಬಿದ ಟ್ಯಾಂಕು ಕಳ್ಳನಿಗೆ ಕರೆ ಕಳಿಸಿದಂತೆ! ಅಂಥಲ್ಲಿ ಕೆಳಗಿನ ನಲ್ಲಿ ಬಿಗಿದು, ಟ್ಯಾಂಕನ್ನು ಮಾತ್ರ ಬರಿದು ಮಾಡಿ ಒಳಗೆ ಎಂಜಿನ್ ಆಯಿಲ್ ಸವರಿಡುವುದು ಲೇಸೆಂದು ನನ್ನ ಮತ. ನಲ್ಲಿಯಿಂದ ಆಚೆ ಪೈಪು, ಫಿಲ್ಟರ್, ಪಂಪುಗಳಲ್ಲಿ ಡೀಸೆಲ್ ತುಂಬಿಯೇ ಇರಬೇಕು. ಮುಚ್ಚಳದ ಉಸಿರುತೂತನ್ನು ಮೇಣದಿಂದ ಮುಚ್ಚಬೇಡಿ. ಮಳೆ ಬೀಳದಂತೆ ಮರೆ ಮಾಡಿದರೆ ಸಾಕು. ಹೊಗೆಕೊಳವೆಯ ಬಾಯಿಗೂ ಒಂದು ಡಬ್ಬಿ ಕವುಚಿ.

ಪೆಟ್ರೋಲಿನ ಲೆಕ್ಕ ತಲೆಕೆಳಗು. ಅಂಗಡಿಯ ಸಣ್ಣ ಜನರೇಟರು, ಔಷಧ ಸಿಂಪಡಿಸುವ ಯಂತ್ರ ಇವುಗಳ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಂತರೆ ಆವಿಯಾಗಿ ಅಂಟು ಉಳಿಯುತ್ತದೆ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20 ಆಯಿತು. ನಮ್ಮದೇ ಕಬ್ಬಿನಂಥ ಬೆಳೆಯ ಸಾರ ಹೀಗೆ ತಿರುಗಿ ಬಂತೆನ್ನಿ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದರೆ ನೀರನ್ನೂ ಕೂಡಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ. ಆದುದರಿಂದ ಪೆಟ್ರೋಲ್ ಯಂತ್ರವನ್ನು ಪೂರ್ತಿ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

ಡೀಸೆಲ್ಲನ್ನು ಕೂಡಿಡುವವರಿಗೆ ಎರಡು ಮಾತು. ಸತು ಲೇಪದ ಬಕೆಟ್ಟು, ಡಬ್ಬಿಗಳಲ್ಲಿ ಇಡಬೇಡಿ. ಸತುವು ಎಣ್ಣೆಯೊಂದಿಗೆ ಸೇರಿ ಸಾಬೂನಿನಂಥ ಜಿಡ್ಡಾಗಿ ಫಿಲ್ಟರ್ ಕಟ್ಟುತ್ತದೆ. ಡ್ರಮ್ಮನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಿದರೆ ಅದರ ತಲೆಯ ಮೇಲೆ ಮಳೆನೀರು ನಿಂತು, ರಾತ್ರಿ ತಂಪಾದಾಗ ಬಿರಡೆಯ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಎರಡೂ ಬಿರಡೆಗಳು ಒಂದೇ ಮಟ್ಟದಲ್ಲಿರುವಂತೆ ಅಡ್ಡ ಮಲಗಿಸಿ. ಪೈಪಿಗೆ ಬಾಯಿ ಹಚ್ಚಿ ಎಣ್ಣೆ ಎಳೆಯುವ ರೂಢಿಯನ್ನಂತೂ ಬಿಡಬೇಕು. ಗುಟುಕು ಡೀಸೆಲ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ನುಂಗಿದವನಿಗೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

2020ರಲ್ಲಿ ಭೀಮೆಯ ಮಹಾಪೂರ ಬಂದದ್ದು ಅಕ್ಟೋಬರಿನ ನಡುವೆ, ಮಳೆಗಾಲ ಮುಗಿಯಿತೆಂದು ಜನ ನೆಮ್ಮದಿಗೊಳ್ಳುವ ಹೊತ್ತಿನಲ್ಲಿ. ಆದುದರಿಂದ ಎಂಜಿನ್ನನ್ನು ದಂಡೆಗೆ ಇಳಿಸಲು ಸೀಗಿ ಹುಣ್ಣಿಮೆಯವರೆಗಾದರೂ ಕಾಯುವುದು ಒಳ್ಳೆಯದು. ನೀರಿನಲ್ಲಿ ಮುಳುಗೆದ್ದ ಎಂಜಿನ್ನಾದರೆ ಹ್ಯಾಂಡಲಿಗೆ ಕೈ ಹಚ್ಚಬಾರದು. ಎಲ್ಲ ಎಣ್ಣೆಯನ್ನೂ ಬಸಿದು ತೆಗೆದ ಮೇಲೆಯೇ ಮುಂದಿನ ಮಾತು.

ಎಬ್ಬಿಸುವ ದಿನ ಮತ್ತೊಮ್ಮೆ ತಳದ ಎಣ್ಣೆಯನ್ನು ಸೀಸೆಯಲ್ಲಿ ಪರೀಕ್ಷಿಸಿ. ನಲ್ಲಿ ತೆರೆದು ಫಿಲ್ಟರಿನ ಮೇಲಣ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬಂದ ಕೂಡಲೇ ಬಿಗಿಯಿರಿ. ಬಳಿಕ ಪಂಪಿನಲ್ಲಿ ಹಾಗೆಯೇ, ಕೊನೆಗೆ ನಾಜಲ್ ಪೈಪಿನ ನಟ್ಟಿನಲ್ಲಿ. ನಾಜಲ್ ಸಿಂಪಡಿಸುವಾಗ ಅದರ ಮುಂದೆ ಬೆರಳು ಹಿಡಿಯಬಾರದು. ಅಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಒತ್ತಡವಿರುತ್ತದೆ. ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ಅಂದೇ ವೈದ್ಯರ ಬಳಿಗೆ ಹೋಗತಕ್ಕದ್ದು. ಬಸಿದ ಹೊಲಸು ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಸಿ ವರ್ಕ್‌ಶಾಪಿಗೆ ಕೊಡಿ. ಹಳ್ಳಕ್ಕೆ ಚೆಲ್ಲಿದರೆ ಅದು ಗಾಣಗಾಪುರದ ಸಂಗಮದಲ್ಲಿ ಮೀಯುವವರ ಮೈಗೆ ಹತ್ತುತ್ತದೆ.